ಹುಲಿ ಇತ್ತೋ ಇಲ್ಲವೋ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಪಠ್ಯ)



ಕಂಪ್ಯೂಟರ್ ಬಗ್ಗೆ ನಾಲ್ಕು ಮಾತಾಡು ಎಂದು ಸಮಿತಿಯವರು ಹೇಳಿದ್ದರು. ಅದನ್ನು ಈಗಿನ ಮಕ್ಕಳೇ ನನಗೆ ಹೇಳಿಕೊಡುತ್ತಾರೆ. ಹಾಗಾಗಿ ನಾನು ಒಂದು ಕಾದಂಬರಿಯ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಅದನ್ನು ಓದಿದವರು ಮಾಡುವ ಜಗಳದ ಬಗ್ಗೆ ಮಾತಾಡುತ್ತೇನೆ. ಸಮಿತಿಯವರು ಕ್ಷಮಿಸಬೇಕು.

ಕಾದಂಬರಿ 'ಲೈಫ್ ಆಫ್ ಪೈ'. ಬರೆದವರು ಕೆನಡಾದ ಯಾನ್ ಮಾರ್ಟೆಲ್. 2001ರಲ್ಲಿ ಪ್ರಕಟವಾಯಿತು, ಮರುವರ್ಷ ಬುಕರ್ ಪ್ರಶಸ್ತಿ ಪಡೆಯಿತು. 2012ರಲ್ಲಿ ಆಂಗ್ ಲೀ ಅದನ್ನು ಸಿನಿಮಾ ಮಾಡಿದರು. ನಿಮ್ಮಲ್ಲಿ ಕೆಲವರು ಅದನ್ನು ಟಿವಿಯಲ್ಲಿ ನೋಡಿರಬಹುದು.

ಕಥಾನಾಯಕ ಪಾಂಡಿಚೇರಿಯ ಹುಡುಗ. ಪ್ಯಾರಿಸ್ಸಿನ ಒಂದು ಈಜುಕೊಳದ ಹೆಸರನ್ನು ಅವನಿಗೆ ಇಟ್ಟಿದ್ದಾರೆ, ಪಿಸಿನ್. ಇಂಗ್ಲಿಷ್ ಕಿವಿಗೆ ಅದು ಉಚ್ಚೆ ಹೊಯ್ಯುವುದು ಎಂದು ಕೇಳಿಸುತ್ತದೆ. ಸಹಪಾಠಿಗಳು ಬಿಡುತ್ತಾರೆಯೇ? ಹೊಸ ಶಾಲೆಗೆ ಸೇರಿದ ದಿನ ಅವನೇ ಎದ್ದು ಹೋಗಿ ಬೋರ್ಡಿನ ಮೇಲೆ ಪೈ ಚಿಹ್ನೆ ಬರೆದು, 3.14 ಎಂದು ಬರೆದು, ವೃತ್ತ ಎಳೆದು, ಇನ್ನು ಮುಂದೆ ನನ್ನ ಹೆಸರು ಇದು ಎಂದುಬಿಡುತ್ತಾನೆ. ಅಡ್ಡಹೆಸರಿಲ್ಲದೆ ಈ ಶಾಲೆ ದಾಟಿದವರು ಯಾರಾದರೂ ಇದ್ದರೆ ಕೈ ಎತ್ತಿ. ನನ್ನದನ್ನು ದಯವಿಟ್ಟು ಯಾರೂ ಇಲ್ಲಿ ಹೇಳಬೇಡಿ.

ಈ ಹುಡುಗ ಹಿಂದೂ ಆಗಿ ಹುಟ್ಟಿ, ಚರ್ಚಿಗೂ ಮಸೀದಿಗೂ ಹೋಗುತ್ತಾನೆ. ಒಂದು ದಿನ ಸಮುದ್ರ ದಂಡೆಯಲ್ಲಿ ಅಪ್ಪ ಅಮ್ಮನ ಎದುರೇ ಮೂರೂ ಧರ್ಮದ ಗುರುಗಳು ಸಿಕ್ಕಿ, ಇವನು ನಮ್ಮವನು ಎಂದು ಜಗಳಕ್ಕೆ ನಿಲ್ಲುತ್ತಾರೆ. ಆ ಪುಟಗಳನ್ನು ಓದುವಾಗ ಬಸ್ಸಿನಲ್ಲಿ ಒಬ್ಬನೇ ನಕ್ಕಿದ್ದೆ.

ಅಪ್ಪನದು ಪ್ರಾಣಿಸಂಗ್ರಹಾಲಯ. ಕುಟುಂಬ ಪ್ರಾಣಿಗಳ ಸಮೇತ ಕೆನಡಾಕ್ಕೆ ಹಡಗು ಹತ್ತುತ್ತದೆ. ಹಡಗು ಪೆಸಿಫಿಕ್‌ನಲ್ಲಿ ಮುಳುಗುತ್ತದೆ. ದೋಣಿಯಲ್ಲಿ ಉಳಿದವರು ಜೀಬ್ರಾ, ಕತ್ತೆಕಿರುಬ, ಒರಾಂಗುಟಾನ್, ಒಂದು ಬಂಗಾಳದ ಹುಲಿ, ಮತ್ತು ಪೈ. ಕೊನೆಗೆ ಹುಲಿ ಮತ್ತು ಹುಡುಗ ಇಬ್ಬರೇ 227 ದಿನ ತೇಲಿ ಮೆಕ್ಸಿಕೋ ದಡ ಸೇರುತ್ತಾರೆ. 22ರ ಪಕ್ಕ 7 ಇಟ್ಟರೆ 227, ಅದು ನಮ್ಮ ಗಣಿತದ ಪೈ ಎಂದು ಕಂಡುಹಿಡಿದ ಓದುಗರೂ ಇದ್ದಾರೆ. ನಮ್ಮ ಗಣಿತದ ಮೇಷ್ಟ್ರು ಇದನ್ನು ಕೇಳಿ ಸಂತೋಷಪಡುತ್ತಾರೆ ಎಂದು ಇಲ್ಲಿ ಹೇಳಿದೆ.

ಜಗಳ ಶುರುವಾಗುವುದು ಕೊನೆಯ ಭಾಗದಲ್ಲಿ. ಹಡಗು ಮುಳುಗಿದ್ದು ಹೇಗೆಂದು ವಿಚಾರಿಸಲು ಇಬ್ಬರು ಜಪಾನಿ ಅಧಿಕಾರಿಗಳು ಆಸ್ಪತ್ರೆಗೆ ಬರುತ್ತಾರೆ. ಹುಲಿಯ ಕಥೆ ನಂಬುವುದಿಲ್ಲ. ಆಗ ಪೈ ಇನ್ನೊಂದು ಕಥೆ ಹೇಳುತ್ತಾನೆ. ಅದರಲ್ಲಿ ಪ್ರಾಣಿಗಳಿಲ್ಲ. ದೋಣಿಯಲ್ಲಿ ಅಡುಗೆಯವ, ಕಾಲು ಮುರಿದ ನಾವಿಕ, ಪೈನ ತಾಯಿ, ಮತ್ತು ಅವನು. ಅಲ್ಲಿ ನಡೆಯುವುದನ್ನು ಮಕ್ಕಳ ಮುಂದೆ ಹೇಳಲಾರೆ. ಆಮೇಲೆ ಪೈ ಕೇಳುತ್ತಾನೆ: ಎರಡರಿಂದಲೂ ಹಡಗು ಮುಳುಗಿದ ಕಾರಣ ತಿಳಿಯುವುದಿಲ್ಲ, ಎರಡನ್ನೂ ನೀವು ಸಾಬೀತು ಮಾಡಲಾರಿರಿ, ಯಾವ ಕಥೆ ಚೆನ್ನಾಗಿದೆ? ಪ್ರಾಣಿಗಳದ್ದು ಎನ್ನುತ್ತಾರೆ. ದೇವರ ವಿಷಯವೂ ಹೀಗೆಯೇ ಎಂಬರ್ಥದ ಒಂದು ಮಾತು ಹೇಳಿ ಪೈ ಸುಮ್ಮನಾಗುತ್ತಾನೆ.

ಬೆಂಗಳೂರಿನಲ್ಲಿ ನಾವು ಕೆಲವು ಸಹೋದ್ಯೋಗಿಗಳು ತಿಂಗಳಿಗೊಂದು ಪುಸ್ತಕ ಓದಿ ಚರ್ಚಿಸುತ್ತಿದ್ದೆವು. ಈ ಪುಸ್ತಕದ ದಿನ ಕಾಫಿ ಆರಿಹೋಯಿತು. ಟೆಸ್ಟಿಂಗ್ ವಿಭಾಗದ ಗೆಳೆಯ, ಎರಡನೆಯದೇ ನಿಜ, ಮೊದಲನೆಯದು ನೋವು ಮುಚ್ಚಲು ಹೊದ್ದ ಕಂಬಳಿ ಎಂದ. ಹಾಗಾದರೆ ಬಾಳೆಹಣ್ಣು ತೇಲುತ್ತದೆಯೇ ಎಂದು ಅಧಿಕಾರಿಗಳು ಸಿಂಕಿನಲ್ಲಿ ಪರೀಕ್ಷೆ ಮಾಡಿದಾಗ ಪೈ ಹೇಳಿದಂತೆ ತೇಲಿತಲ್ಲ, ದೋಣಿಯಲ್ಲಿ ಸಣ್ಣ ಪ್ರಾಣಿಯ ಮೂಳೆ ಸಿಕ್ಕಿತಲ್ಲ ಎಂದು ಇನ್ನೊಬ್ಬಳು ಪುಟ ತೆರೆದಳು. ಎಲ್ಲರಿಗಿಂತ ಸಿಟ್ಟಾದವಳು ದಿನಾ ಪೂಜೆ ಮಾಡುವ ಗೆಳತಿ. ಚೆನ್ನಾಗಿದೆ ಎಂಬ ಕಾರಣಕ್ಕೆ ಆರಿಸಿಕೊಳ್ಳುವುದಾದರೆ ಅದು ನಂಬಿಕೆ ಹೇಗಾಗುತ್ತದೆ, ಸೀರೆ ಆರಿಸಿದ ಹಾಗಾಯಿತು ಎಂದಳು. ಆ ಮಾತಿಗೆ ನನ್ನ ಹತ್ತಿರ ಇವತ್ತಿಗೂ ಉತ್ತರವಿಲ್ಲ. ಬರಾಕ್ ಒಬಾಮ ಅಧ್ಯಕ್ಷರಾಗಿದ್ದಾಗ ಮಗಳ ಜೊತೆ ಇದನ್ನು ಓದಿ, ನಮಗಿಬ್ಬರಿಗೂ ಪ್ರಾಣಿಗಳ ಕಥೆಯೇ ಇಷ್ಟ ಎಂದು ಲೇಖಕರಿಗೆ ಪತ್ರ ಬರೆದಿದ್ದರು. ಆ ಪತ್ರದ ಸುದ್ದಿ ಹೇಳಿದರೂ ಅವಳು ಒಪ್ಪಲಿಲ್ಲ.

ನಾನು ಟೆಸ್ಟಿಂಗ್ ಗೆಳೆಯನ ಕಡೆ ಇದ್ದೆ. ಲಾಗ್ ಫೈಲಿನಲ್ಲಿ ಇಲ್ಲದ್ದು ನಡೆದಿಲ್ಲ ಎಂಬುದು ನನ್ನ ಕಸುಬಿನ ಅಭ್ಯಾಸ.

ಅಪ್ಪ ತೀರಿಕೊಂಡಾಗ ನಾನು ಕಂಪನಿ ಕೆಲಸದ ಮೇಲೆ ಹೊರದೇಶದಲ್ಲಿದ್ದೆ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೊನೆಯ ರಾತ್ರಿ ಕಣ್ಣು ಬಿಟ್ಟು, ಮಗ ಬಂದನಾ ಎಂದು ಕೇಳಿ, ಎರಡು ಚಮಚ ನೀರು ಕುಡಿದರು ಎಂದು ಅಮ್ಮ ಹೇಳಿದಳು. ಆಸ್ಪತ್ರೆಯ ಕಾಗದದಲ್ಲಿ ಕೊನೆಯ ಎರಡು ದಿನ ಪ್ರಜ್ಞೆ ಇರಲಿಲ್ಲ ಎಂದಿತ್ತು. ನಾನು ಆ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ಬಿಇ ಓದಿದ ಮಗ ನೋಡಿ, ತಪ್ಪು ತಿದ್ದಿದೆ. ಅಮ್ಮ ಏನೂ ಹೇಳಲಿಲ್ಲ. ಆಮೇಲೆ ಆ ಮಾತನ್ನು ನನ್ನ ಎದುರು ಎತ್ತಲೂ ಇಲ್ಲ.

ಈ ಪುಸ್ತಕ ಓದಿದ್ದು ಅದಾಗಿ ಎರಡು ವರ್ಷಕ್ಕೆ. ದೀಪಾವಳಿಗೆ ಊರಿಗೆ ಬಂದಾಗ ಅಮ್ಮನಿಗೆ ಕಥೆ ಹೇಳಿದೆ, ಎರಡನ್ನೂ. ಅವಳು ಅವರೆಕಾಯಿ ಬಿಡಿಸುತ್ತಾ ಕೇಳಿದಳು. ಯಾವುದು ನಿಜ ಎಂದು ಅವಳು ಕೇಳುತ್ತಾಳೆಂದು ಕಾದಿದ್ದೆ. ಕೇಳಲಿಲ್ಲ.

"ದಡಕ್ಕೆ ಬಂದ ಮೇಲೆ ಹುಲಿ ಏನು ಮಾಡಿತು?" ಎಂದಳು.

"ಕಾಡಿಗೆ ಹೋಯಿತು. ತಿರುಗಿ ನೋಡಲಿಲ್ಲ. ಅದಕ್ಕೇ ಹುಡುಗ ಅಷ್ಟೊಂದು ಅಳುತ್ತಾನೆ."

ಅಮ್ಮ ಸ್ವಲ್ಪ ಹೊತ್ತು ಕೈ ನಿಲ್ಲಿಸಿದಳು. "ಅಯ್ಯೋ ಪಾಪ, ಒಂದು ಸಲ ನೋಡಬಹುದಿತ್ತು" ಎಂದಳು.

ಆಗ ನಾನು, ಅಪ್ಪ ನೀರು ಕೇಳಿದಾಗ ಇನ್ನೇನು ಹೇಳಿದರು ಎಂದು ಕೇಳಿದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಮೊರ ಪಕ್ಕಕ್ಕಿಟ್ಟು, ಮೊದಲಿಂದ ಎಲ್ಲ ಹೇಳಿದಳು.

ಪುಸ್ತಕದ ಎರಡು ಪ್ರತಿ ನಮ್ಮ ಶಾಲೆಯ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ.