ವಿಶ್ವವಿದ್ಯಾಲಯವನ್ನು ಆರಿಸುವುದೂ ಅಲ್ಲಿ ನೆಲೆ ನಿಲ್ಲುವುದೂ

(ಶ್ರೀಮಠದ ವಿದ್ಯಾರ್ಥಿ ಪ್ರಸಾದ ನಿಲಯದ ಅಮೃತ ಮಹೋತ್ಸವದ ಅಂಗವಾಗಿ ನೆರೆದ ವಿದ್ಯಾರ್ಥಿ ಸಮ್ಮೇಳನದಲ್ಲಿ ಮಾಡಿದ ಭಾಷಣ)

 

ಈ ಶುಭ ಸಂದರ್ಭದಲ್ಲಿ ವಿದ್ಯಾರ್ಥಿಗಳನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀಗಳವರ ಅಪ್ಪಣೆಯಾಯಿತು. ನಾನು ವಾಗ್ಮಿಯಲ್ಲ. ಐವತ್ತು ವರ್ಷಗಳ ಹಿಂದೆ ಇದೇ ನಿಲಯದ ಪಂಕ್ತಿಯಲ್ಲಿ ಕುಳಿತು ಪ್ರಸಾದವನ್ನು ಸ್ವೀಕರಿಸಿದವನು. ಮುಂದೆ ಮೂರು ದಶಕಗಳ ಕಾಲ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತನಾದವನು. ಈ ಎರಡು ಅನುಭವಗಳ ಹೊರತು ನನ್ನಲ್ಲಿ ಬೇರೆ ಬಂಡವಾಳವಿಲ್ಲ. ಅವುಗಳಿಂದ ನಾನು ಕಲಿತುದನ್ನು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ಪ್ರತಿ ವರ್ಷ ಪರೀಕ್ಷೆಗಳ ಫಲಿತಾಂಶ ಪ್ರಕಟವಾದೊಡನೆ ತಂದೆತಾಯಿಗಳು ಮಕ್ಕಳನ್ನು ಕರೆದುಕೊಂಡು ನನ್ನಲ್ಲಿಗೆ ಬರುತ್ತಾರೆ. ಅವರು ಕೇಳತಕ್ಕ ಪ್ರಶ್ನೆ ಒಂದೇ: “ಯಾವ ವಿಶ್ವವಿದ್ಯಾಲಯವು ಒಳ್ಳೆಯದು?” ಪ್ರಶ್ನೆಯು ಸಹಜವಾದುದೇ. ಆದರೆ ನಮ್ಮ ಹಿರಿಯರಿಗೆ ಇಂತಹ ಪ್ರಶ್ನೆಯನ್ನು ಕೇಳುವ ಭಾಗ್ಯವಿರಲಿಲ್ಲವೆಂಬುದನ್ನು ಮೊದಲು ನೆನೆಯಬೇಕು. 1857ರಲ್ಲಿ ಕಲಕತ್ತಾ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಸ್ಥಾಪಿತವಾದವು. ಕನ್ನಡ ನಾಡಿನ ಮೊದಲನೆಯದಾದ ಮೈಸೂರು ವಿಶ್ವವಿದ್ಯಾಲಯವು ಹುಟ್ಟಿದ್ದು 1916ರಲ್ಲಿ. ಧಾರವಾಡದಲ್ಲಿ ಕರ್ನಾಟಕ ಕಾಲೇಜು 1917ರಲ್ಲಿ ಪ್ರಾರಂಭವಾಯಿತಾದರೂ ಅಲ್ಲಿ ಓದಿದವರಿಗೆ ಪದವಿಯನ್ನು ಕೊಡುತ್ತಿದ್ದುದು ಮುಂಬಯಿಯೇ. ಕರ್ನಾಟಕ ವಿಶ್ವವಿದ್ಯಾಲಯವು ಸ್ಥಾಪಿತವಾಗಲು 1949ನೆಯ ಇಸವಿ ಬರಬೇಕಾಯಿತು. ಧಾರವಾಡದ ಕಾಲೇಜಿಗೂ ಮುಂಚೆ ಉಚ್ಚ ಶಿಕ್ಷಣವನ್ನು ಬಯಸಿದ ಈ ಸೀಮೆಯ ತರುಣರು ಪುಣೆ, ಮುಂಬಯಿಗಳವರೆಗೆ ಹೋಗಬೇಕಾಗುತ್ತಿತ್ತು. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಮುಂಬಯಿಯಲ್ಲಿ ಓದಿ, ವಿಜಾಪುರದಲ್ಲಿ ವಕೀಲರಾಗಿ ನಿಂತು, ತಾಳೆಯೋಲೆಗಳಲ್ಲಿ ಚದುರಿಹೋಗಿದ್ದ ವಚನಗಳನ್ನು ಸಂಗ್ರಹಿಸಿ ನಾಡಿಗೆ ಕೊಟ್ಟುದನ್ನು ತಾವೆಲ್ಲರೂ ಬಲ್ಲಿರಿ. ದೂರದ ವಿದ್ಯೆಯನ್ನು ತಂದು ಊರಿಗೆ ಸಲ್ಲಿಸಿದವರು ಅವರು.

ಅಂದಿನ ಬಡ ವಿದ್ಯಾರ್ಥಿಗೆ “ಯಾವುದು ಒಳ್ಳೆಯದು” ಎಂಬುದಕ್ಕಿಂತ “ಉಣ್ಣುವುದೆಲ್ಲಿ, ಮಲಗುವುದೆಲ್ಲಿ” ಎಂಬ ಚಿಂತೆಯೇ ದೊಡ್ಡದಾಗಿತ್ತು. ಆ ಚಿಂತೆಯನ್ನು ನೀಗುವುದಕ್ಕಾಗಿಯೇ ನಾಡಿನ ಮಠಗಳು ಪ್ರಸಾದ ನಿಲಯಗಳನ್ನು ತೆರೆದವು. ಅವುಗಳ ಒಂದು ಹಿಡಿ ಅನ್ನದಿಂದ ಎಷ್ಟು ಮನೆತನಗಳು ಅಕ್ಷರವನ್ನು ಕಂಡವೆಂಬುದನ್ನು ಈ ಸಭೆಯಲ್ಲಿ ನಾನು ವಿಸ್ತರಿಸಿ ಹೇಳಬೇಕಾಗಿಲ್ಲ.

ಈಗ ಕಾಲವು ಬದಲಾಗಿದೆ. ಕಲಬುರಗಿಯಲ್ಲಿ 1980ರಲ್ಲಿ ವಿಶ್ವವಿದ್ಯಾಲಯವಾಯಿತು. ಬೆಳಗಾವಿಯಲ್ಲಿ 1998ರಲ್ಲಿ ವಿಶ್ವೇಶ್ವರಯ್ಯನವರ ಹೆಸರಿನ ತಾಂತ್ರಿಕ ವಿಶ್ವವಿದ್ಯಾಲಯ, 2010ರಲ್ಲಿ ರಾಣಿ ಚೆನ್ನಮ್ಮನವರ ಹೆಸರಿನದು. ವಿಜಾಪುರದಲ್ಲಿ 2003ರಲ್ಲಿ ಸ್ತ್ರೀಯರಿಗಾಗಿಯೇ ಒಂದು. 2009ರಿಂದ ನಮ್ಮ ರಾಜ್ಯದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವೂ ಉಂಟು. 2022ರಿಂದ ಇಡೀ ದೇಶದ ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ತರಗತಿಗಳಿಗೆ ಒಂದೇ ಪ್ರವೇಶ ಪರೀಕ್ಷೆಯನ್ನು ನಡೆಸುವ ಪದ್ಧತಿಯು ಬಂದಿರುವುದರಿಂದ, ಹಳ್ಳಿಯ ಹುಡುಗಿಯೊಬ್ಬಳು ದಿಲ್ಲಿಗೂ ಹೈದರಾಬಾದಿಗೂ ಒಮ್ಮೆಲೇ ಅರ್ಜಿ ಹಾಕಬಹುದಾಗಿದೆ. ದಾರಿ ಒಂದೇ ಇದ್ದಾಗ ನಡೆಯುವುದು ಕಷ್ಟವಾಗಿತ್ತು. ದಾರಿಗಳು ಹಲವಾದಾಗ ಆರಿಸುವುದು ಕಷ್ಟವಾಗಿದೆ.

ನಾನು ಹೇಗೆ ಆರಿಸಿದೆನೆಂಬುದನ್ನು ಈಗ ಹೇಳುತ್ತೇನೆ. ಅದರಲ್ಲಿ ಹೆಮ್ಮೆಪಡತಕ್ಕದ್ದೇನೂ ಇಲ್ಲ.

ನನ್ನದು ವಿಜಾಪುರ ಸೀಮೆಯ ಒಂದು ಚಿಕ್ಕ ಗ್ರಾಮ. ತಂದೆಯವರು ಒಣ ಬೇಸಾಯದವರು. ಹೆಬ್ಬೆಟ್ಟಿನ ಗುರುತನ್ನು ಹಾಕುತ್ತಿದ್ದವರು. 1974ರಲ್ಲಿ ನಾನು ಕಾಲೇಜು ಸೇರಬೇಕಾದಾಗ ನಮ್ಮ ಶಾಲೆಯ ಗುರುಗಳು, “ನಿನಗೆ ಭಾಷೆ ಒಲಿದಿದೆ, ಕನ್ನಡ ಇತಿಹಾಸಗಳನ್ನು ಓದು” ಎಂದರು. ಊರವರು, “ವಿಜ್ಞಾನ ಓದಿದರೆ ನೌಕರಿ” ಎಂದರು. ನಾನು ಊರವರ ಮಾತನ್ನು ಕೇಳಿದೆ. ಕಾಲೇಜನ್ನಾದರೂ ವಿಚಾರಿಸಿ ಆರಿಸಿದೆನೇ? ಅದೂ ಇಲ್ಲ. ಅದರ ಕಲ್ಲಿನ ಕಟ್ಟಡವು ಬಲು ಭವ್ಯವಾಗಿತ್ತು. ಆ ಕಟ್ಟಡವನ್ನು ನೋಡಿ ಆರಿಸಿದೆ. ತಂದೆಯವರು ಒಂದು ಎತ್ತನ್ನು ಮಾರಿದರು. ಒಂದು ತಗಡಿನ ಪೆಟ್ಟಿಗೆ, ತಾಯಿ ಕಟ್ಟಿಕೊಟ್ಟ ರೊಟ್ಟಿ ಮತ್ತು ಶೇಂಗಾ ಚಟ್ನಿಯ ಬುತ್ತಿ, ಇಷ್ಟರೊಂದಿಗೆ ಶ್ರೀಮಠದ ಈ ನಿಲಯಕ್ಕೆ ಬಂದು ಇಳಿದೆ.

ಮೊದಲ ದಿನದ ರಸಾಯನಶಾಸ್ತ್ರದ ಪಾಠವು ಆದ್ಯಂತ ಇಂಗ್ಲಿಷಿನಲ್ಲಿ ನಡೆಯಿತು. ಒಂದು ಗಂಟೆಯ ಕಾಲ ಲೇಖನಿಯನ್ನು ಹಿಡಿದು ಕುಳಿತಿದ್ದು, ದಿನಾಂಕದ ಹೊರತು ಏನನ್ನೂ ಬರೆಯಲಾರದೆ ಎದ್ದು ಬಂದೆ. ನನ್ನ ಕೋಣೆಯ ಗೆಳೆಯನಿಗೂ ಅದೇ ಗತಿ. ಅವನು ನೆರೆಯ ತಾಲೂಕಿನವನು. ಗಣಿತದಲ್ಲಿ ನನಗಿಂತ ಎಷ್ಟೋ ಮೇಲು. ಮೊದಲ ಪರೀಕ್ಷೆಯಲ್ಲಿ ನಾವಿಬ್ಬರೂ ತೇರ್ಗಡೆಯಾಗಲಿಲ್ಲ.

ನನ್ನ ಅದೃಷ್ಟದಿಂದ ಮೇಲಿನ ತರಗತಿಯ ವಿದ್ಯಾರ್ಥಿಯೊಬ್ಬರು ನನ್ನನ್ನು ಗಮನಿಸಿದರು. ರಾತ್ರಿಯ ಪ್ರಸಾದವಾದ ಮೇಲೆ ನನ್ನನ್ನು ಎದುರಿಗೆ ಕುಳ್ಳಿರಿಸಿಕೊಂಡು, ಅಂದಿನ ಪಾಠವನ್ನು ಮೊದಲು ಕನ್ನಡದಲ್ಲಿ ಹೇಳಿಸಿ, ಬಳಿಕ ಅದನ್ನೇ ಇಂಗ್ಲಿಷಿನಲ್ಲಿ ಬರೆಯಿಸುತ್ತಿದ್ದರು. ಅರ್ಥವು ತಾಯ್ನುಡಿಯಲ್ಲಿ ನೆಲೆಗೊಂಡ ಮೇಲೆ ಪರನುಡಿಯ ಮಾತು ತಾನಾಗಿ ಕೈಗೆ ಬರತೊಡಗಿತು. ಆರು ತಿಂಗಳಲ್ಲಿ ನಾನು ದಡ ಸೇರಿದೆ.

ನನ್ನ ಗೆಳೆಯನನ್ನು ಗಮನಿಸುವವರು ಯಾರೂ ಇರಲಿಲ್ಲ. ಅವನು ಕ್ರಮೇಣ ತರಗತಿಗೆ ಹೋಗುವುದನ್ನು ಬಿಟ್ಟನು. ಬೆಳಿಗ್ಗೆ ಪುಸ್ತಕಗಳನ್ನು ಹಿಡಿದು ಹೊರಟು ಕೆರೆಯ ದಂಡೆಯ ಮೇಲೆ ಕುಳಿತಿದ್ದು ಸಂಜೆಗೆ ಹಿಂದಿರುಗುತ್ತಿದ್ದನು. ನನಗೆ ಇದು ತಿಳಿದಿತ್ತು. ಒಂದು ರಾತ್ರಿ ಅವನು, “ಓದನ್ನು ಬಿಟ್ಟು ಊರಿಗೆ ಹೋದರೆ ಜನ ಏನೆಂದಾರು?” ಎಂದು ಕೇಳಿದನು. ಉತ್ತರ ಕೊಟ್ಟರೆ ಅವನಿಗೆ ನಾಚಿಕೆಯಾದೀತೆಂದು ಬಗೆದು ನಾನು ನಿದ್ರೆ ಬಂದವನಂತೆ ಸುಮ್ಮನಿದ್ದೆ. ಮಹಾನವಮಿಗೆ ಇನ್ನೂ ಹತ್ತು ದಿನಗಳಿರುವಾಗ, ಒಂದು ಮುಂಜಾನೆ ಎದ್ದು ನೋಡಿದರೆ ಅವನ ಹಾಸಿಗೆ ಸುತ್ತಿಟ್ಟಿತ್ತು. ತನ್ನ ತಟ್ಟೆಯನ್ನು ತೊಳೆದು ಅಡಿಗೆಯ ಮನೆಯಲ್ಲಿ ಒಪ್ಪಿಸಿ ಹೋಗಿದ್ದನು.

ಆ ದಿನ ಪಂಕ್ತಿಯಲ್ಲಿ ಬಡಿಸುತ್ತಿದ್ದ ಅಡಿಗೆಯ ಅಜ್ಜನವರು, “ಒಂದು ತಟ್ಟೆ ಮಿಕ್ಕಿದೆಯಲ್ಲ, ಯಾರಪ್ಪಾ ಬಂದಿಲ್ಲ?” ಎಂದರು. ಕಾಲೇಜಿನ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಎರಡು ತಿಂಗಳುಗಳಿಂದ ಗೈರುಹಾಜರಿಯ ಗುರುತು ಬೀಳುತ್ತಿತ್ತು; ಅದನ್ನು ಕಂಡು ಯಾರೂ ಕೇಳಿರಲಿಲ್ಲ. ಅವನು ಬಂದಿಲ್ಲವೆಂಬುದನ್ನು ಕೇಳಿದವರು ಅಕ್ಷರವನ್ನರಿಯದ ಆ ಅಜ್ಜನವರೊಬ್ಬರೇ.

ಹದಿನೇಳು ವರ್ಷಗಳ ಬಳಿಕ, 1991ರಲ್ಲಿ, ವಿಜಾಪುರದ ಪೇಟೆಯಲ್ಲಿ ಅವನನ್ನು ಕಂಡೆ. ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದನು. ಆದರದಿಂದ ಚಹಾ ತರಿಸಿದನು. ಮಾತಿನ ನಡುವೆ, “ದೀಪಾವಳಿಯವರೆಗೂ ದಾರಿ ನೋಡಿದೆ. ನಿಲಯದಿಂದ ಯಾರಾದರೂ ಬಂದು ಕರೆದರೆ ಹಿಂದಿರುಗಬೇಕೆಂದಿದ್ದೆ” ಎಂದನು. ಅವನು ನನ್ನನ್ನು ದೂರಲಿಲ್ಲ. ನಾನು ಇಂದಿಗೂ ಆ ಮಾತನ್ನು ಮರೆತಿಲ್ಲ.

ಮಿತ್ರರೇ, ಈ ವೃತ್ತಾಂತದಿಂದ ತಾವು ಗ್ರಹಿಸಬೇಕಾದುದು ಎರಡು ಅಂಶಗಳು. ಮೊದಲನೆಯದು ಆರಿಸುವವರಿಗೆ ಸಂಬಂಧಿಸಿದ್ದು. ಕಟ್ಟಡವನ್ನು ನೋಡಿ ಆರಿಸಬೇಡಿರಿ. ಹೆಸರನ್ನು ಕೇಳಿ ಮರುಳಾಗಬೇಡಿರಿ. ಆ ಸಂಸ್ಥೆಗೆ ಪದವಿಯನ್ನು ಕೊಡುವ ಅಧಿಕಾರವಿದೆಯೇ ಎಂಬುದನ್ನು ಮೊದಲು ವಿಚಾರಿಸಿರಿ. ವಿಶ್ವವಿದ್ಯಾಲಯ ಅನುದಾನ ಆಯೋಗವು ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಪ್ರಕಟಿಸುತ್ತದೆಯಾದುದರಿಂದ ಅದನ್ನು ನೋಡಿಕೊಳ್ಳಿರಿ. ನೀವು ಸೇರುವುದು ಕಾಲೇಜಾದರೆ ಅದು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದ್ದೆಂಬುದನ್ನು ತಿಳಿಯಿರಿ. ಪ್ರವೇಶ ಶುಲ್ಕವನ್ನಷ್ಟೇ ಅಲ್ಲ, ಕೊನೆಯ ವರ್ಷದವರೆಗಿನ ಶುಲ್ಕ, ವಸತಿ, ಪುಸ್ತಕ, ಪ್ರಯಾಣ ಎಲ್ಲವನ್ನೂ ಕೂಡಿ ಲೆಕ್ಕ ಹಾಕಿರಿ; ಎತ್ತನ್ನು ಮಾರುವ ತಂದೆಗೆ ಈ ಲೆಕ್ಕವು ಮೊದಲೇ ತಿಳಿದಿರಬೇಕು. ನಿಮಗೆ ಒಲಿದ ವಿಷಯ ಯಾವುದೆಂದು ನಿಮ್ಮ ಗುರುಗಳನ್ನು ಕೇಳಿರಿ. ಸಾಧ್ಯವಾದರೆ ಒಂದು ದಿನ ಅಲ್ಲಿಗೆ ಹೋಗಿ, ಈಗ ಓದುತ್ತಿರುವವರೊಡನೆ ಮಾತನಾಡಿರಿ. “ಪಾಠ ತಿಳಿಯದಿದ್ದಾಗ ನೀವು ಯಾರನ್ನು ಕೇಳುತ್ತೀರಿ?” ಎಂದು ಅವರನ್ನು ಪ್ರಶ್ನಿಸಿರಿ. ಅವರು ಒಬ್ಬರ ಹೆಸರನ್ನಾದರೂ ಥಟ್ಟನೆ ಹೇಳಿದರೆ ಆ ಸ್ಥಳವು ಬದುಕಿದೆಯೆಂದು ತಿಳಿಯಿರಿ.

ಎರಡನೆಯದು ನಮ್ಮೆಲ್ಲರಿಗೂ ಸಂಬಂಧಿಸಿದ್ದು. ವಿಶ್ವವಿದ್ಯಾಲಯಕ್ಕೆ ಸೇರಿಸಿದೊಡನೆ ಕಾರ್ಯವು ಮುಗಿಯಿತೆಂದು ಭಾವಿಸುವುದು ತಪ್ಪು. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲನ್ನು ಹತ್ತಿದ ಮಗುವು ಬುದ್ಧಿಯ ಕೊರತೆಯಿಂದ ಓದನ್ನು ಬಿಡುವುದಕ್ಕಿಂತ ಕೇಳುವವರಿಲ್ಲದೆ ಬಿಡುವುದೇ ಹೆಚ್ಚು. ಪಾಠ ಹೇಳಿದ ಮೂರು ದಶಕಗಳಲ್ಲಿ ನಾನು ಕಂಡುದು ಇದನ್ನೇ. ಅಂತಹ ಮಗು ಗದ್ದಲ ಮಾಡುವುದಿಲ್ಲ; ತಟ್ಟೆಯನ್ನು ತೊಳೆದಿಟ್ಟು ಹೊರಟುಹೋಗುತ್ತದೆ.

ಆದುದರಿಂದ ಶ್ರೀಸನ್ನಿಧಿಯಲ್ಲಿ ನನ್ನದೊಂದು ವಿಜ್ಞಾಪನೆ. ಶ್ರೀಮಠವು ಮುಕ್ಕಾಲು ಶತಮಾನ ಅನ್ನವನ್ನೂ ಆಶ್ರಯವನ್ನೂ ಕೊಟ್ಟಿದೆ. ದಾಸೋಹದಲ್ಲಿ ತಟ್ಟೆಗಳನ್ನು ಎಣಿಸುವಂತೆಯೇ ತರಗತಿಗೆ ಹೋಗದವರನ್ನು ಎಣಿಸುವ ಒಂದು ವ್ಯವಸ್ಥೆಯೂ ಈ ನಿಲಯದಲ್ಲಿ ಆಗಲಿ. ಪ್ರತಿಯೊಬ್ಬ ಹೊಸ ವಿದ್ಯಾರ್ಥಿಗೂ ಮೇಲಿನ ತರಗತಿಯ ಒಬ್ಬ ಅಣ್ಣನನ್ನು ಗೊತ್ತುಮಾಡಿಕೊಡೋಣ. ಓದಿ ಹೊರಹೋದ ನಾವು ಹಳೆಯ ವಿದ್ಯಾರ್ಥಿಗಳು ಸರದಿಯ ಮೇಲೆ ತಿಂಗಳಿಗೊಮ್ಮೆ ಬಂದು ಇವರ ನಡುವೆ ಕುಳಿತುಕೊಳ್ಳೋಣ. ಯಾರಾದರೂ ಊರಿಗೆ ಹೋಗಿ ಹಿಂದಿರುಗದಿದ್ದರೆ ದೀಪಾವಳಿಯು ಕಳೆಯುವುದಕ್ಕೆ ಮೊದಲೇ ಅವರ ಮನೆಯ ಬಾಗಿಲಿಗೆ ಹೋಗೋಣ. ಮೊದಲ ಸರದಿಯನ್ನು ನನಗೇ ದಯಪಾಲಿಸಬೇಕೆಂದು ಬೇಡಿಕೊಳ್ಳುತ್ತೇನೆ. ಅದು ನಾನು ತೀರಿಸಬೇಕಾದ ಹಳೆಯ ಋಣ.

ವಿದ್ಯಾರ್ಥಿ ಮಿತ್ರರೇ, ಇಂದು ರಾತ್ರಿ ನಿಮ್ಮ ಕೋಣೆಯ ಗೆಳೆಯನು ಏನಾದರೂ ಕೇಳಿದರೆ ನಿದ್ರೆ ಬಂದವರಂತೆ ಮಲಗಬೇಡಿರಿ. ಎದ್ದು ಕುಳಿತು ಮಾತನಾಡಿರಿ.