ಶಾಲೆಗೆ ಹೋಗಲಾಗದ ಮಗು ಮತ್ತು ಕೂಡಿ ನಡೆಯುವ ದಾರಿ



ಸೋಮವಾರ ಬೆಳಗಿನ ಹೊಟ್ಟೆನೋವನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಸಮವಸ್ತ್ರವನ್ನು ಕಂಡೊಡನೆ ಮಗುವಿನ ಮುಖ ಬಾಡುತ್ತದೆ. ಇಂದು ಹೋಗುವುದು ಬೇಡವೆಂದು ಹೇಳಿದ ಅರ್ಧ ಗಂಟೆಯಲ್ಲಿ ನೋವು ಮಾಯವಾಗುತ್ತದೆ. ಅದನ್ನು ಕಂಡ ಹಿರಿಯರು ‘ಬರೀ ನಟನೆ’ ಎಂದು ತೀರ್ಪು ನೀಡಿಬಿಡುತ್ತಾರೆ. ಅದು ನಟನೆಯಲ್ಲ, ಭಯವು ದೇಹದಲ್ಲಿ ಕಾಣಿಸಿಕೊಳ್ಳುವ ರೀತಿ.

ಮನೋವಿಜ್ಞಾನದ ಬರಹಗಳನ್ನು ಕನ್ನಡಕ್ಕೆ ತರುವಾಗ ಇದನ್ನು ‘ಶಾಲಾ ನಿರಾಕರಣೆ’ ಎಂದು ನಾನೂ ಬರೆದದ್ದುಂಟು. ಆ ಪದ ನನಗೆ ಎಂದೂ ಸಮಾಧಾನ ತಂದಿಲ್ಲ. ನಿರಾಕರಿಸುವವರಿಗೆ ಆಯ್ಕೆ ಇರುತ್ತದೆ. ಈ ಮಗುವಾದರೋ ಹೋಗಬೇಕೆಂದು ರಾತ್ರಿ ತಾನೇ ಪುಸ್ತಕಗಳನ್ನು ಜೋಡಿಸಿಟ್ಟು, ಬೆಳಿಗ್ಗೆ ಹೊಸ್ತಿಲು ದಾಟಲಾರದೆ ನಿಲ್ಲುತ್ತದೆ.

ಮೊದಲು ಕಾರಣವನ್ನು ಅರಿಯಬೇಕು. ದೈಹಿಕ ಕಾಯಿಲೆ ಇಲ್ಲವೆಂಬುದನ್ನು ವೈದ್ಯರಿಂದ ಖಚಿತಪಡಿಸಿಕೊಳ್ಳಬೇಕು. ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ಭಾಷೆಯೂ ಒಂದು ಕಾರಣ. ಕಲಬುರಗಿಯಿಂದ ಪುಣೆಗೆ ಬಂದ ಬಾಲಕ ಮರಾಠಿ ತರಗತಿಯಲ್ಲಿ ಒಂದು ಉತ್ತರ ತಪ್ಪಿ, ಎಲ್ಲರೂ ನಕ್ಕರೆ, ಮರುದಿನ ಬಾಯಿ ತೆರೆಯಲು ಅಂಜುತ್ತಾನೆ. ಶಾಲೆಯಲ್ಲಿ ಹೊಡೆತವೋ ಅವಮಾನವೋ ನಡೆದಿದ್ದರೆ ತಿದ್ದಬೇಕಾದುದು ಮಗುವನ್ನಲ್ಲ, ಶಾಲೆಯನ್ನು. 2009ರ ಶಿಕ್ಷಣ ಹಕ್ಕು ಅಧಿನಿಯಮದ 17ನೆಯ ಪ್ರಕರಣವು ದೈಹಿಕ ಶಿಕ್ಷೆ ಹಾಗೂ ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ.

ಮನೆಯಲ್ಲಿ ಉಳಿದ ಪ್ರತಿ ದಿನವೂ ಮಗುವಿಗೆ ಅಂದಿನ ಮಟ್ಟಿಗೆ ನೆಮ್ಮದಿ ಕೊಡುತ್ತದೆ. ಆ ನೆಮ್ಮದಿಯೇ ಭಯವನ್ನು ಬೆಳೆಸುತ್ತದೆ. ಎಳೆದೊಯ್ದರೂ ಭಯ ಬಲಿಯುತ್ತದೆ. ಹೆಜ್ಜೆ ಹೆಜ್ಜೆಯಾಗಿ ಹೊರಗೆ ಕರೆದೊಯ್ಯುವುದೇ ಮಾರ್ಗ. ಅದಕ್ಕೆ ಸಾಮೂಹಿಕ ನಡಿಗೆಯಷ್ಟು ಸುಲಭವಾದ ಸಾಧನ ಬೇರೊಂದನ್ನು ನಾನು ಕಾಣೆ.

ಪುಣೆಯ ಪರ್ವತಿ ಗುಡ್ಡವನ್ನೇ ತೆಗೆದುಕೊಳ್ಳಿ. ನೂರಕ್ಕೆ ತುಸು ಮಿಕ್ಕ ಮೆಟ್ಟಿಲುಗಳು, ಮೇಲೆ ದೇವಾಲಯ, ಕೆಳಗೆ ಇಡೀ ನಗರ. ನೆರೆಮನೆಯ ಐದಾರು ಮಕ್ಕಳು, ಇಬ್ಬರು ಹಿರಿಯರು ಸಾಕು. ಎದುರು ಕುಳಿತು “ಶಾಲೆಯಲ್ಲಿ ಏನಾಯಿತು?” ಎಂದು ಕೇಳಿದರೆ ಬಿಗಿಯಾಗುವ ಮಗು, ಪಕ್ಕಪಕ್ಕದಲ್ಲಿ ನಡೆಯುವಾಗ ತಾನಾಗಿ ಮಾತು ತೆಗೆಯುತ್ತದೆ. ಅಲ್ಲಿ ಯಾರೂ ಅದರ ಮುಖವನ್ನು ದಿಟ್ಟಿಸುತ್ತಿರುವುದಿಲ್ಲ. ಮಾತಾಡದಿದ್ದರೂ ನಡಿಗೆ ನಿಲ್ಲುವುದಿಲ್ಲ. ಮೆಟ್ಟಿಲು ಎಣಿಸುವ ಕೆಲಸವನ್ನೋ, ಕಿರಿಯನೊಬ್ಬನ ಕೈ ಹಿಡಿಯುವ ಹೊಣೆಯನ್ನೋ ಅಂಜುವ ಮಗುವಿಗೇ ಒಪ್ಪಿಸಿರಿ. ತನ್ನಿಂದ ಇನ್ನೊಬ್ಬರಿಗೆ ಉಪಯೋಗವಾಯಿತೆಂಬ ಅನುಭವ ಹೊಗಳಿಕೆಗಿಂತ ಆಳಕ್ಕೆ ಇಳಿಯುತ್ತದೆ. ಓಟದ ಪಂದ್ಯವನ್ನು ಮಾತ್ರ ಏರ್ಪಡಿಸಬೇಡಿ. ತರಗತಿಯಲ್ಲಿ ಹಿಂದೆ ಬಿದ್ದವನನ್ನು ಗುಡ್ಡದಲ್ಲಿಯೂ ಹಿಂದೆ ಹಾಕಿದಂತಾದೀತು. ಸಾಲಿನ ವೇಗ ಕಡೆಯವನ ವೇಗವಾಗಿರಲಿ.

ಮೊದಲ ಕೆಲವು ವಾರ ರಜಾದಿನದ ನಡಿಗೆ. ಶಾಲೆಯ ಮಾತೇ ಬೇಡ. ಅನಂತರ ಕೆಲಸದ ದಿನಗಳ ಸಂಜೆ. ಆಮೇಲೆ ದಾರಿಯನ್ನು ಮೆಲ್ಲನೆ ಶಾಲೆಯ ಬೀದಿಗೆ ತಿರುಗಿಸಿ, ಬೀಗ ಹಾಕಿದ ಗೇಟಿನವರೆಗೆ ಹೋಗಿ ಬರಬಹುದು. ಮುಂದೆ ಅದೇ ಗುಂಪು ಬೆಳಗಿನ ಗಂಟೆಗೆ ಸರಿಯಾಗಿ ಹೊರಡುತ್ತದೆ. ಮುಖ್ಯೋಪಾಧ್ಯಾಯರಿಗೆ ಮೊದಲೇ ತಿಳಿಸಿ, ಆರಂಭದಲ್ಲಿ ಒಂದೆರಡು ಪಾಠಗಳಿಗೆ ಮಾತ್ರ ಕೂರಿಸಲು ಕೇಳಿಕೊಳ್ಳಿ. ನಡಿಗೆಯ ಗೆಳೆಯನೊಬ್ಬ ಅದೇ ಬೆಂಚಿನಲ್ಲಿದ್ದರೆ ಅರ್ಧ ಭಾರ ಇಳಿಯಿತು.

ಮಗು ನಿದ್ರೆ, ಊಟ ಬಿಟ್ಟರೆ, ಅಥವಾ ಬದುಕು ಬೇಡವೆಂಬ ಮಾತಾಡಿದರೆ ನಡಿಗೆಯನ್ನು ನಂಬಿ ಕಾಯಬಾರದು. ಕೂಡಲೇ ತಜ್ಞರನ್ನು ಕಾಣಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು.

ಒಂದು ಮಾತು ಮುಂಚೆಯೇ ತಿಳಿದಿರಲಿ. ದೀಪಾವಳಿಯ ರಜೆ ಮುಗಿದ ಮರುದಿನ ಹಳೆಯ ಹೊಟ್ಟೆನೋವು ಮರಳಿ ಬರಬಹುದು. ಆಗ ಗದರದೆ, ಹಿಂದಿನ ಸಂಜೆಯೇ ಮಕ್ಕಳನ್ನು ಕೂಡಿಸಿಕೊಂಡು ಗೇಟಿನವರೆಗೆ ಒಮ್ಮೆ ನಡೆದು ಬನ್ನಿ.