ರಫ್ತಿಗೊಂದು ಅಳತೆ, ನಮ್ಮ ತಟ್ಟೆಗೊಂದು ಅಳತೆಯೇ?

(ತುಮಕೂರು ನಗರದ ಸಾರ್ವಜನಿಕ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕುಣಿಗಲ್ ಸೀಮೆಯ ಹೊಲಗಳಲ್ಲಿ ಬೆಳೆಯುವ ಮಿಡಿಸೌತೆ ನಮ್ಮ ಅಡುಗೆ ಮನೆಗೆ ಬರುವುದು ಅಪರೂಪ. ಅದು ಉಪ್ಪುನೀರಿನಲ್ಲೋ ವಿನೆಗರ್‌ನಲ್ಲೋ ನೆನೆದು ಯುರೋಪ್, ಅಮೆರಿಕಗಳ ಊಟದ ಮೇಜಿಗೆ ಹೋಗುತ್ತದೆ. 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಚಿಕ್ಕದಾಗಿ ಶುರುವಾದ ಈ ಬೆಳೆಯನ್ನು ಸುಮಾರು 90 ಸಾವಿರ ಸಣ್ಣ ರೈತರು 65 ಸಾವಿರ ಎಕರೆಯಲ್ಲಿ ಬೆಳೆಯುತ್ತಾರೆಂದು ಕೇಂದ್ರ ವಾಣಿಜ್ಯ ಸಚಿವಾಲಯ 2022ರಲ್ಲಿ ತಿಳಿಸಿತು. ಕೇವಲ 90 ದಿನಗಳ ಬೆಳೆ. ಆದರೆ ದೂರದ ಬಂದರಿನಲ್ಲಿ ಒಂದು ಡಬ್ಬಿ ತಿರಸ್ಕೃತವಾದರೆ ಅದರ ಪೆಟ್ಟು ಕೊನೆಗೆ ಬೀಳುವುದು ಆ ರೈತನ ಮನೆಯ ಮೇಲೆಯೇ.

ಹಾಗಾದರೆ ನಮ್ಮ ಆಹಾರ ಸುರಕ್ಷಿತವೇ ಎಂದು ತೀರ್ಮಾನಿಸುವವರು ಯಾರು? ಯಾವ ಅಳತೆಗೋಲಿನಿಂದ? 1995ರ ಜನವರಿ 1ರಂದು ವಿಶ್ವ ವಾಣಿಜ್ಯ ಸಂಸ್ಥೆಯೊಂದಿಗೆ ಜಾರಿಗೆ ಬಂದ ಆಹಾರ ಸುರಕ್ಷತೆಯ ಒಪ್ಪಂದದ 4ನೇ ವಿಧಿ ಇದಕ್ಕೆ ಉತ್ತರ ನೀಡುತ್ತದೆ. ಉದ್ಯೋಗದ ಜಾಹೀರಾತುಗಳಲ್ಲಿ ನಾವು ‘ತತ್ಸಮಾನ ವಿದ್ಯಾರ್ಹತೆ’ ಎಂಬ ಮಾತನ್ನು ಓದುತ್ತೇವೆ. ಮದ್ರಸಾದ ಸನದನ್ನು ಪದವಿ ಪ್ರವೇಶಕ್ಕೆ ಒಪ್ಪುವ ವಿಶ್ವವಿದ್ಯಾಲಯಗಳೂ ಇವೆ. ಪಠ್ಯ ಬೇರೆ, ಮಟ್ಟ ಸಮಾನ. ಆಹಾರದ ವಿಷಯದಲ್ಲೂ ಹಾಗೆಯೇ. ಹಾಲನ್ನು 63 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದರೂ 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿದರೂ ಅದು ಪಾಶ್ಚರೀಕೃತವೇ. ವಿಧಾನ ಬೇರೆಯಾದರೂ ಅದೇ ಮಟ್ಟದ ರಕ್ಷಣೆ ದೊರೆಯುವುದಾದರೆ ಆಮದು ಮಾಡಿಕೊಳ್ಳುವ ದೇಶ ಅದನ್ನು ಒಪ್ಪಬೇಕು. ‘ನಮ್ಮಂತೆಯೇ ಮಾಡಿ’ ಎಂಬ ಹಟ ಸಲ್ಲದು.

ಇದು ನ್ಯಾಯದ ಮಾತು. ಆದರೆ ಈ ನ್ಯಾಯಕ್ಕೊಂದು ಷರತ್ತಿದೆ. ಸಮಾನವೆಂದು ಸಾಬೀತುಪಡಿಸುವ ಹೊಣೆ ರಫ್ತು ಮಾಡುವ ದೇಶದ್ದು. ಪರೀಕ್ಷೆಗೆ, ತಪಾಸಣೆಗೆ ಅದು ಬಾಗಿಲು ತೆರೆಯಬೇಕು. ಸಾವಯವ ಉತ್ಪನ್ನಗಳಲ್ಲಿ ನಾವು ಇದರ ಎರಡೂ ಮುಖಗಳನ್ನು ಕಂಡಿದ್ದೇವೆ. ಭಾರತದ ಸಾವಯವ ಪ್ರಮಾಣೀಕರಣ ವ್ಯವಸ್ಥೆಗೆ ಅಮೆರಿಕ 2006ರಲ್ಲಿ ನೀಡಿದ್ದ ಮಾನ್ಯತೆಯನ್ನು 2021ರ ಜನವರಿಯಲ್ಲಿ ಹಿಂಪಡೆಯಿತು. ಮೇಲ್ವಿಚಾರಣೆ ಸಾಲದು ಎಂಬುದು ಅದರ ಕಾರಣವಾಗಿತ್ತು. ಇನ್ನೊಂದೆಡೆ 2024ರ ಜುಲೈಯಲ್ಲಿ ತೈವಾನ್‌ನೊಂದಿಗೆ ಪರಸ್ಪರ ಮಾನ್ಯತೆಯ ಒಪ್ಪಂದ ಜಾರಿಗೆ ಬಂತು. ಮಾನ್ಯತೆಯೆಂದರೆ ಅಮಾನತ್. ಕಾಪಾಡಿದರೆ ಉಳಿಯುತ್ತದೆ, ಕೈಬಿಟ್ಟರೆ ಹೋಗುತ್ತದೆ.

ಸಹೋದರರೇ, ಹೊರಗಿನವರಿಂದ ನಾವು ನ್ಯಾಯ ಕೇಳುತ್ತೇವೆ. ನಮ್ಮವರಿಗೆ ನಾವು ಯಾವ ನ್ಯಾಯ ನೀಡುತ್ತಿದ್ದೇವೆ? ಹೊರದೇಶಕ್ಕೆ ಹೋಗುವ ಸರಕಿಗೆ ಪ್ರಯೋಗಾಲಯದ ವರದಿ ಬೇಕು. ನಮ್ಮ ಮಕ್ಕಳು ಬೀದಿಬದಿಯಲ್ಲಿ ತಿನ್ನುವ ಕಬಾಬ್‌ಗೆ? 2024ರ ಜೂನ್‌ನಲ್ಲಿ ರಾಜ್ಯ ಸರಕಾರ ಪರೀಕ್ಷಿಸಿದ 39 ಕಬಾಬ್ ಮಾದರಿಗಳಲ್ಲಿ 8 ಅಸುರಕ್ಷಿತವೆಂದು ಕಂಡುಬಂದವು; ಕೃತಕ ಬಣ್ಣವನ್ನು ನಿಷೇಧಿಸಲಾಯಿತು. ಕಬಾಬ್ ಮಾರುವವರಲ್ಲಿ ನಮ್ಮವರೂ ಅನೇಕರಿದ್ದಾರೆ. ಕೋಳಿ ಹಲಾಲ್ ಎಂದು ಫಲಕ ಹಾಕಿ, ಅದಕ್ಕೆ ಬಳಿದ ಬಣ್ಣದ ಬಗ್ಗೆ ಮೌನ ವಹಿಸಿದರೆ ಅದು ಅರ್ಧ ಧರ್ಮ. ಪವಿತ್ರ ಕುರ್‌ಆನ್ ಹಲಾಲ್‌ನ ಜೊತೆಯಲ್ಲೇ ತಯ್ಯಿಬ್, ಅಂದರೆ ಶುದ್ಧವಾದುದನ್ನೂ ಹೇಳಿದೆ. ಪ್ರವಾದಿ(ಸ)ರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು, ಒಳಗಿನ ತೇವವನ್ನು ಮರೆಮಾಚಿದ ವ್ಯಾಪಾರಿಯನ್ನು ಎಚ್ಚರಿಸಿದ ಘಟನೆ ಸಹೀಹ್ ಮುಸ್ಲಿಮ್‌ನಲ್ಲಿದೆ. ಅದೂ ಆಹಾರ ತಪಾಸಣೆಯೇ ಅಲ್ಲವೇ?

ಇಬ್ಬಗೆಯ ಅಳತೆ ಆಳುವವರಲ್ಲೂ ಇದೆ. ರಫ್ತಾಗುವ ಮಾಂಸದ ಹಲಾಲ್ ಪ್ರಮಾಣಪತ್ರಕ್ಕೆ ಕೇಂದ್ರ ಸರಕಾರ 2023ರಲ್ಲಿ ನಿಯಮಾವಳಿ ರೂಪಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ಉತ್ತರ ಪ್ರದೇಶ ಸರಕಾರ ಹಲಾಲ್ ಪ್ರಮಾಣಿತ ವಸ್ತುಗಳ ಮಾರಾಟವನ್ನು ನಿಷೇಧಿಸಿತು, ರಫ್ತಿಗೆ ಮಾತ್ರ ವಿನಾಯಿತಿ ಕೊಟ್ಟಿತು. ನಮ್ಮ ರಾಜ್ಯದಲ್ಲೂ 2022ರ ಯುಗಾದಿಯ ವೇಳೆ ಹಲಾಲ್ ಮಾಂಸ ಬಹಿಷ್ಕಾರದ ಕೂಗೆದ್ದಿತ್ತು. ಡಾಲರ್ ತರುವಾಗ ಗೌರವಾರ್ಹವಾದ ಪ್ರಮಾಣಪತ್ರ ನೆರೆಮನೆಯವನ ಕೈಯಲ್ಲಿ ಅಪರಾಧವಾಗುವುದೇಕೆ? ಈ ಪ್ರಶ್ನೆಯನ್ನು ನಾವು ಕೇಳಲೇಬೇಕು. ಆದರೆ ನಮ್ಮ ತಕ್ಕಡಿ ನೆಟ್ಟಗಿದ್ದಾಗ ಮಾತ್ರ ಆ ಪ್ರಶ್ನೆಗೆ ತೂಕ ಬರುತ್ತದೆ. ಅಳತೆಯಲ್ಲಿ ಮೋಸ ಮಾಡುವವರಿಗೆ ಅಲ್ ಮುತಫ್ಫಿಫೀನ್ ಅಧ್ಯಾಯ ನೀಡುವ ಎಚ್ಚರಿಕೆ ನಮ್ಮನ್ನು ಹೊರತುಪಡಿಸಿ ಅವತೀರ್ಣವಾದುದಲ್ಲ.

ಆದ್ದರಿಂದ ವ್ಯಾಪಾರಿ ಬಂಧುಗಳು ಆಹಾರ ಸುರಕ್ಷತಾ ನೋಂದಣಿಯನ್ನು ಮಾಡಿಸಿ, ಅಂಗಡಿಯಲ್ಲಿ ಕಾಣುವಂತೆ ತೂಗುಹಾಕಲಿ. ಬಣ್ಣವಿಲ್ಲದ ಕಬಾಬ್ ಮಾರಲಿ. ತಾಯಂದಿರು ಪೊಟ್ಟಣದ ಮೇಲಿನ 14 ಅಂಕಿಗಳ ಪರವಾನಗಿ ಸಂಖ್ಯೆಯನ್ನು ನೋಡಿ ಕೊಳ್ಳಲಿ. ಮಸೀದಿಯ ಜುಮಾ ಪ್ರವಚನದಲ್ಲಿ ತಯ್ಯಿಬ್‌ನ ವಿಷಯವೂ ಬರಲಿ. ವಿದೇಶದ ಗ್ರಾಹಕನಿಗೆ ಸಲ್ಲುವ ಸುರಕ್ಷತೆ ಗುಬ್ಬಿಯ ಮಗುವಿಗೂ ಸಲ್ಲಬೇಕು. ನಮ್ಮ ಪಾಲಿಗೆ ತತ್ಸಮಾನತೆಯ ನಿಜವಾದ ಅರ್ಥ ಇದೇ.

ನಮ್ಮ ದುಡಿಮೆಯನ್ನೂ ಅನ್ನವನ್ನೂ ಅಲ್ಲಾಹನು ಶುದ್ಧಗೊಳಿಸಲಿ. ಆಮೀನ್.